ಮನೆ ಕೊಳ್ಳುವ ಮುನ್ನ: ಗೋಡೆ, ನೆಲ ಮತ್ತು ಪತ್ರಗಳ ತಪಾಸಣೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಎರಡೂ ಕೆಲಸಗಳ ಕಷ್ಟ ಮಾಡಿದವರಿಗೇ ಗೊತ್ತು ಎಂಬುದು ಅದರ ಅರ್ಥ. ಆದರೆ ಇಂದು ಪಟ್ಟಣಗಳಲ್ಲಿ ಬಹಳಷ್ಟು ಜನ ಮನೆ ಕಟ್ಟುವುದಿಲ್ಲ. ಬೇರೆ ಯಾರೋ ಕಟ್ಟಿದ ಮನೆಯನ್ನು ಕೊಳ್ಳುತ್ತಾರೆ. ಕಟ್ಟಿಸುವವನು ಪಾಯ ತೋಡುವಾಗ ನಿಂತು ನೋಡುತ್ತಾನೆ, ಸಿಮೆಂಟಿನ ಚೀಲ ಎಣಿಸುತ್ತಾನೆ, ಕಬ್ಬಿಣದ ಸರಳು ಮುಟ್ಟಿ ನೋಡುತ್ತಾನೆ. ಕೊಳ್ಳುವವನಿಗೆ ಕಾಣುವುದು ಹೊಸ ಬಣ್ಣ ಹೊಡೆದ ಗೋಡೆ ಮಾತ್ರ. ಆ ಬಣ್ಣದ ಹಿಂದೆ ಏನಿದೆ ಎಂದು ತಿಳಿಯುವ ಪ್ರಯತ್ನಕ್ಕೇ ಮನೆಯ ತಪಾಸಣೆ ಎಂದು ಹೆಸರು.

ವಿದ್ಯಾರ್ಥಿಗಳಾದ ನಮಗೆ ಇದರಿಂದ ಏನು ಎಂದು ನೀವು ಕೇಳಬಹುದು. ಒಬ್ಬ ನಿವೃತ್ತ ಶಾಲಾ ಮಾಸ್ತರರನ್ನು ಊಹಿಸಿಕೊಳ್ಳಿ. ಮೂವತ್ತು ವರ್ಷ ದುಡಿದು ಕೂಡಿಟ್ಟ ಹಣ, ಭವಿಷ್ಯ ನಿಧಿ, ಮೇಲಿಷ್ಟು ಬ್ಯಾಂಕ್ ಸಾಲ, ಇಷ್ಟನ್ನೂ ಅವರು ಒಂದೇ ಒಂದು ವಸ್ತುವಿನ ಮೇಲೆ ಸುರಿಯುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತಾರಸಿ ಸೋರತೊಡಗಿದರೆ, ಅಥವಾ ಮಾರಿದವರ ತಂಗಿಯೊಬ್ಬರು ಪಾಲು ಕೇಳಿ ನ್ಯಾಯಾಲಯಕ್ಕೆ ಹೋದರೆ, ಅವರ ಮುಂದೆ ಇನ್ನೊಂದು ಮೂವತ್ತು ವರ್ಷ ಉಳಿದಿರುವುದಿಲ್ಲ. ಅಂಥ ಮನೆ ನೋಡಲು ಹೋಗುವಾಗ ಜೊತೆಗೆ ಹೋಗುವವರು ನೀವು. ಶಾಲೆಯಲ್ಲಿ ಕಲಿತ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಪೌರನೀತಿ ಮೂರೂ ಅಲ್ಲಿ ಕೆಲಸಕ್ಕೆ ಬರುತ್ತವೆ. ಕಿರುತೆರೆಯ ಮಾತುಕತೆಯಲ್ಲಿ ಬಿಡಿಸಿ ಹೇಳಲು ಸಮಯ ಸಾಲದ ವಿವರಗಳನ್ನು ಇಲ್ಲಿ ಕೊಟ್ಟಿದೆ.

ತಪಾಸಣೆ ಎಂದರೇನು?

ಯಾವುದೇ ಮನೆಯ ಬಗ್ಗೆ ಮೂರು ಪ್ರಶ್ನೆಗಳನ್ನು ಕೇಳಬೇಕು. ಒಂದು, ಈ ಮನೆ ಎಂಥ ನೆಲದ ಮೇಲೆ ನಿಂತಿದೆ? ಎರಡು, ಕಟ್ಟಡ ಹೇಗಿದೆ? ಮೂರು, ಇದು ನಿಜವಾಗಿ ಯಾರದು? ಮೊದಲ ಎರಡಕ್ಕೆ ಉತ್ತರ ಹೇಳುವವರು ಸಿವಿಲ್ ಎಂಜಿನಿಯರು, ಮೂರನೆಯದಕ್ಕೆ ವಕೀಲರು.

ಬ್ಯಾಂಕು ಸಾಲ ಕೊಡುವ ಮುನ್ನ ಒಬ್ಬರನ್ನು ಕಳಿಸಿ ಮನೆ ನೋಡಿಸುತ್ತದೆ. 'ಬ್ಯಾಂಕಿನವರೇ ನೋಡಿದ್ದಾರೆ, ಇನ್ನೇನು ಭಯ' ಎಂದು ಹಲವರು ನಿಶ್ಚಿಂತೆಯಾಗಿ ಬಿಡುತ್ತಾರೆ. ಆದರೆ ಅದು ಬೆಲೆ ಕಟ್ಟುವ ಕೆಲಸ. ಸಾಲ ತೀರದಿದ್ದರೆ ಈ ಆಸ್ತಿಯನ್ನು ಮಾರಿ ಹಣ ವಸೂಲು ಮಾಡಬಹುದೇ ಎಂಬುದು ಬ್ಯಾಂಕಿನ ಪ್ರಶ್ನೆ. ಬಚ್ಚಲ ಮನೆಯ ಕೊಳವೆ ಗೋಡೆಯೊಳಗೆ ಸೋರುತ್ತಿದೆಯೇ ಎಂಬುದು ನಮ್ಮ ಪ್ರಶ್ನೆ. ಎರಡೂ ಒಂದೇ ಅಲ್ಲ.

ಅಮೆರಿಕದಲ್ಲಿ ಮನೆ ತಪಾಸಣೆ ಒಂದು ಪ್ರತ್ಯೇಕ ವೃತ್ತಿ. ಅಲ್ಲಿನ ತಪಾಸಣೆಗಾರರ ಸಂಘ 1976ರಲ್ಲೇ ಸ್ಥಾಪನೆಯಾಯಿತು. ನಮ್ಮಲ್ಲಿ ಈ ಕೆಲಸಕ್ಕೆ ದೊಡ್ಡ ನಗರಗಳಲ್ಲಿ ಕೆಲವು ಸಂಸ್ಥೆಗಳು ಹುಟ್ಟಿಕೊಂಡಿದ್ದರೂ, ಬಹುಪಾಲು ಊರುಗಳಲ್ಲಿ ಪರಿಚಯದ ಎಂಜಿನಿಯರನ್ನೋ ಅನುಭವಿ ಮೇಸ್ತ್ರಿಯನ್ನೋ ಕರೆದೊಯ್ಯುವುದೇ ರೂಢಿ. ರೂಢಿ ಒಳ್ಳೆಯದೇ. ಆದರೆ ಕರೆದೊಯ್ದವರು ಮಾರುವವರ ಕಡೆಯವರಾಗಲಿ, ದಲ್ಲಾಳಿಯ ಸ್ನೇಹಿತರಾಗಲಿ ಆಗಿರಬಾರದು. ನೋಡಿದ್ದನ್ನು ಬರೆದು ಕೊಡುವವರಾಗಿರಬೇಕು.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಸ್ಥಿರಾಸ್ತಿಯ ಮಾರಾಟ ನಡೆಯುವುದು 1882ರ ಸ್ವತ್ತು ವರ್ಗಾವಣೆ ಅಧಿನಿಯಮದ ಪ್ರಕಾರ. ಅದರ 55ನೆಯ ಪ್ರಕರಣ ಮಾರುವವರ ಮತ್ತು ಕೊಳ್ಳುವವರ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ಬೇರೆ ಕರಾರು ಇಲ್ಲದಿದ್ದರೆ, ಸ್ವತ್ತಿನಲ್ಲಾಗಲಿ ಅದರ ಹಕ್ಕಿನಲ್ಲಾಗಲಿ ಇರುವ ಮುಖ್ಯ ದೋಷವನ್ನು ಮಾರುವವರು ತಿಳಿಸಲೇಬೇಕು. ಆದರೆ ಎಂಥ ದೋಷವನ್ನು? ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರಿಗೆ ಗೊತ್ತಿಲ್ಲದ್ದು ಮತ್ತು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂಥದ್ದು. ಅಂಥದ್ದನ್ನು ಮುಚ್ಚಿಟ್ಟರೆ ಅದು ವಂಚನೆ ಎಂದು ಕಾನೂನು ಸ್ಪಷ್ಟವಾಗಿ ಹೇಳುತ್ತದೆ.

ಇಲ್ಲಿ 'ಸಾಮಾನ್ಯ ಎಚ್ಚರಿಕೆ' ಎಂಬ ಮಾತನ್ನು ಗಮನಿಸಿ. ಗೋಡೆಯ ಮೇಲೆ ಎದ್ದು ಕಾಣುವ ಬಿರುಕನ್ನು ನೋಡದೆ ಮನೆ ಕೊಂಡು, ಆಮೇಲೆ 'ನನಗೆ ಹೇಳಲಿಲ್ಲ' ಎಂದರೆ ಆ ದೂರು ನಿಲ್ಲುವುದು ಕಷ್ಟ. ಕಣ್ಣಿಗೆ ಕಾಣುವ ದೋಷದ ಹೊಣೆ ಬಹುಮಟ್ಟಿಗೆ ಕೊಳ್ಳುವವರದು; ಕಾಣದ, ಆದರೆ ಮಾರುವವರಿಗೆ ಗೊತ್ತಿದ್ದ ದೋಷದ ಹೊಣೆ ಮಾರುವವರದು. ತಪಾಸಣೆ ಮಾಡಿಸುವುದು ಜಾಣತನ ಮಾತ್ರವಲ್ಲ, ಕಾನೂನು ನಮ್ಮಿಂದ ನಿರೀಕ್ಷಿಸುವ ಎಚ್ಚರಿಕೆಯೂ ಹೌದು.

ಹೊಸದಾಗಿ ಕಟ್ಟಿ ಮಾರುವ ವಸತಿ ಸಮುಚ್ಚಯಗಳಿಗೆ 2016ರ ರೇರಾ ಕಾಯಿದೆ ಇನ್ನಷ್ಟು ರಕ್ಷಣೆ ಕೊಟ್ಟಿದೆ. ಮನೆ ವಶಕ್ಕೆ ಕೊಟ್ಟ ದಿನದಿಂದ 5 ವರ್ಷಗಳ ಒಳಗೆ ಕಟ್ಟಡದ ರಚನೆಯಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡು ಅದನ್ನು ತಿಳಿಸಿದರೆ, ಕಟ್ಟಿ ಮಾರಿದವರು 30 ದಿನಗಳಲ್ಲಿ ಖರ್ಚಿಲ್ಲದೆ ಸರಿಪಡಿಸಿ ಕೊಡಬೇಕು. ಆದರೆ ಒಬ್ಬ ಗೃಹಸ್ಥರು ತಮ್ಮ ಹಳೆಯ ಮನೆಯನ್ನು ಇನ್ನೊಬ್ಬರಿಗೆ ಮಾರಿದಾಗ, ಮಾರಿದವರ ಮೇಲೆ ಈ 5 ವರ್ಷದ ಹೊಣೆ ಬೀಳುವುದಿಲ್ಲ. ಹಳೆಯ ಮನೆಯನ್ನು ಹೆಚ್ಚು ಎಚ್ಚರಿಕೆಯಿಂದ ನೋಡಬೇಕು ಎನ್ನುವುದು ಇದಕ್ಕೇ.

ಮೊದಲು ನೆಲ ನೋಡಿ

ಮನೆಯ ಒಳಗೆ ಕಾಲಿಡುವ ಮುನ್ನ ಬೀದಿಯಲ್ಲಿ ನಿಂತು ನೀರು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ನೋಡಿ. ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ವವಿದೆ. ಕೆಂಪೇಗೌಡ ಬಸ್ ನಿಲ್ದಾಣ ಇರುವುದು ಹಿಂದಿನ ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಕಂಠೀರವ ಕ್ರೀಡಾಂಗಣ ಎದ್ದದ್ದು ಸಂಪಂಗಿ ಕೆರೆಯಲ್ಲಿ. ಬಡಾವಣೆಗಳಾಗಿ ಮಾರ್ಪಟ್ಟ ಕೆರೆಗಳೂ ಹಲವು. ಕೆರೆ ಹೋದರೂ ನೀರಿಗೆ ದಾರಿ ಮರೆಯುವುದಿಲ್ಲ. ತಗ್ಗಿನಲ್ಲಿರುವ ಮನೆ, ರಾಜಕಾಲುವೆಯ ಬದಿಯ ಮನೆ, ಮಣ್ಣು ತುಂಬಿ ಎತ್ತರಿಸಿದ ನಿವೇಶನ, ಇವುಗಳ ಬಗ್ಗೆ ಅಕ್ಕಪಕ್ಕದವರನ್ನು, ಅಂಗಡಿಯವರನ್ನು, ಹಾಲು ಹಾಕುವವರನ್ನು ಕೇಳಿ. ಕಳೆದ ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಅವರು ಕೈ ತೋರಿಸಿ ಹೇಳಬಲ್ಲರು.

ಉತ್ತರ ಕರ್ನಾಟಕದ ಎರೆ ಭೂಮಿಯದು ಬೇರೆ ಕಥೆ. ಕಪ್ಪು ಎರೆ ಮಣ್ಣಿನಲ್ಲಿರುವ ಒಂದು ಬಗೆಯ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರಿದು ಕೈ ತೂರುವಷ್ಟು ಸೀಳು ಬಿಡುವುದನ್ನು ಧಾರವಾಡ, ಗದಗ, ವಿಜಯಪುರದ ಕಡೆಯವರು ನೋಡಿಯೇ ಇರುತ್ತೀರಿ. ಪಾಯ ಸಾಕಷ್ಟು ಆಳಕ್ಕೆ ಹೋಗಿರದಿದ್ದರೆ ಮನೆಯೂ ಈ ಮಣ್ಣಿನ ಜೊತೆ ಪ್ರತಿ ವರ್ಷ ಏರಿ ಇಳಿದು ಗೋಡೆ ಬಿರಿಯುತ್ತದೆ. ಕರಾವಳಿಯಲ್ಲಿ ಸಮಸ್ಯೆ ಉಪ್ಪು ಗಾಳಿ. ಅದು ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ತಿನ್ನುತ್ತದೆ. ಮಲೆನಾಡಿನಲ್ಲಿ ಮಳೆ ಮತ್ತು ಗೆದ್ದಲು. ಅಲ್ಲಿ ಬಾಗಿಲ ಚೌಕಟ್ಟನ್ನು ಬೆರಳಿನಿಂದ ತಟ್ಟಿ ನೋಡಿ. ಪೊಳ್ಳು ಸದ್ದು ಬಂದರೆ, ಗೋಡೆಯ ಮೇಲೆ ಮಣ್ಣಿನ ಸಣ್ಣ ಕೊಳವೆಗಳು ಕಂಡರೆ, ಗೆದ್ದಲು ಒಳಗಿದೆ ಎಂದು ತಿಳಿಯಿರಿ.

ಬಿರುಕುಗಳು ಹೇಳುವ ಮಾತು

ಬಿರುಕಿಲ್ಲದ ಮನೆ ಅಪರೂಪ. ಎಲ್ಲ ಬಿರುಕಿಗೂ ಹೆದರಬೇಕಿಲ್ಲ. ಯಾವುದಕ್ಕೆ ಹೆದರಬೇಕು ಎಂದು ತಿಳಿದಿರಬೇಕು.

ಗಾರೆಯ ಮೇಲೆ ಜೇಡರ ಬಲೆಯಂತೆ ಹರಡಿದ ಕೂದಲೆಳೆಯ ಬಿರುಕುಗಳು ಸಾಮಾನ್ಯವಾಗಿ ಗಾರೆ ಬೇಗ ಒಣಗಿ ಕುಗ್ಗಿದ್ದರಿಂದ ಬಂದವು. ಚಾವಣಿ ಮತ್ತು ಗೋಡೆ ಸೇರುವ ಕಡೆ ಅಡ್ಡಲಾಗಿ ಓಡುವ ಸಣ್ಣ ಬಿರುಕು ಬಿಸಿಲಿಗೆ ಚಾವಣಿ ಹಿಗ್ಗುವುದರಿಂದ ಬರುತ್ತದೆ. ಆದರೆ ಕಿಟಕಿಯ ಅಥವಾ ಬಾಗಿಲಿನ ಮೂಲೆಯಿಂದ ಹೊರಟು, ಇಟ್ಟಿಗೆಯ ಸಂದುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಏರುವ ಬಿರುಕು ಬೇರೆ ಸುದ್ದಿ ಹೇಳುತ್ತದೆ: ಪಾಯದ ಒಂದು ಭಾಗ ಇನ್ನೊಂದಕ್ಕಿಂತ ಹೆಚ್ಚು ಕುಸಿದಿದೆ. ಕಂಬದಲ್ಲಿ ಅಥವಾ ತೊಲೆಯಲ್ಲಿ ಬಿರುಕು ಕಂಡರೆ ಅದು ಎಷ್ಟೇ ಸಣ್ಣದಾಗಿರಲಿ, ಎಂಜಿನಿಯರಿಗೆ ತೋರಿಸದೆ ಮುಂದುವರಿಯಬಾರದು.

ಅಗಲವೂ ಮುಖ್ಯ. ಬ್ರಿಟನ್ನಿನ ಕಟ್ಟಡ ಸಂಶೋಧಕರು ಗೋಡೆಯ ಬಿರುಕುಗಳನ್ನು ಅಗಲದ ಮೇಲೆ ವಿಂಗಡಿಸಿದ್ದಾರೆ. 1 ಮಿ.ಮೀ.ವರೆಗಿನದು ಬಣ್ಣ ಬಳಿಯುವಾಗ ಸರಿಹೋಗುವಂಥದ್ದು, 5 ಮಿ.ಮೀ.ವರೆಗಿನದನ್ನು ತುಂಬಿಸಬಹುದು, 15 ಮಿ.ಮೀ. ದಾಟಿದರೆ ಗೋಡೆಯ ಭಾಗಗಳನ್ನೇ ಕಿತ್ತು ಕಟ್ಟಬೇಕಾದೀತು, 25 ಮಿ.ಮೀ. ಮೀರಿದರೆ ಕಟ್ಟಡದ ಸ್ಥಿರತೆಗೇ ಅಪಾಯ.

ಬಿರುಕು ಹಳೆಯದೋ, ಇನ್ನೂ ಬೆಳೆಯುತ್ತಿದೆಯೋ ಎಂದು ತಿಳಿಯಲು ಒಂದು ಸರಳ ಉಪಾಯವಿದೆ. ತೆಳು ಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿಟ್ಟು ಎರಡು ಕೊನೆಗಳನ್ನೂ ಗಾರೆಯಿಂದ ಗೋಡೆಗೆ ಬಿಗಿಯಬೇಕು. ಪಕ್ಕದಲ್ಲಿ ದಿನಾಂಕ ಬರೆಯಬೇಕು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಮೇಸ್ತ್ರಿಯ ತೂಗುಗುಂಡು ಸಾಕು. ನೆಲ ಸಮವಾಗಿದೆಯೇ ಎಂದು ನೋಡಲು ರಸಮಟ್ಟ ಸಾಕು.

ಮಂಜೂರಾದ ನಕ್ಷೆಗಿಂತ ಹೆಚ್ಚು ಅಂತಸ್ತು ಎದ್ದಿದ್ದರೆ ಇನ್ನೂ ಎಚ್ಚರ. ಒಂದು ಘನ ಮೀಟರ್ ಕಬ್ಬಿಣ ಸೇರಿದ ಕಾಂಕ್ರೀಟು ಸುಮಾರು 2,500 ಕಿಲೋ ತೂಗುತ್ತದೆ. 5 ಮೀಟರ್ ಉದ್ದ, 4 ಮೀಟರ್ ಅಗಲದ ಕೋಣೆಗೆ 125 ಮಿ.ಮೀ. ದಪ್ಪದ ಚಾವಣಿ ಹಾಕಿದರೆ ಅದರ ತೂಕ 6,250 ಕಿಲೋ. ಅದರ ಮೇಲೆ 1,000 ಲೀಟರಿನ ನೀರಿನ ತೊಟ್ಟಿ ಇಟ್ಟರೆ ಇನ್ನೊಂದು ಟನ್. ಗೋಡೆ, ಮನುಷ್ಯರು, ಸಾಮಾನು ಬೇರೆ. ಎರಡಂತಸ್ತಿಗೆಂದು ತೋಡಿದ ಪಾಯ ನಾಲ್ಕಂತಸ್ತನ್ನು ಹೊರಬೇಕಾದರೆ ಏನಾದೀತು ಎಂದು ನೀವೇ ಲೆಕ್ಕ ಹಾಕಿ.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ವಾಣಿಜ್ಯ ಕಟ್ಟಡವೊಂದು ಕುಸಿದು 19 ಮಂದಿ ಸತ್ತರು. 2021ರ ಸೆಪ್ಟೆಂಬರ್ 27ರಂದು ಬೆಂಗಳೂರಿನ ಲಕ್ಕಸಂದ್ರದಲ್ಲಿ ಮೂರಂತಸ್ತಿನ ಹಳೆಯ ಕಟ್ಟಡವೊಂದು ಉರುಳಿತು. ಒಳಗಿದ್ದವರು ಮೊದಲೇ ಹೊರಗೆ ಬಂದಿದ್ದರಿಂದ ಪ್ರಾಣಹಾನಿಯಾಗಲಿಲ್ಲ. ಕಟ್ಟಡದ ವಿಷಯದಲ್ಲಿ ನೋಡುವ ಕಣ್ಣಿಗೂ ಸಮಯಕ್ಕೂ ಇರುವ ಬೆಲೆ ಇದು.

ತೇವ ಎಲ್ಲಿಂದ ಬಂತು?

ಗೋಡೆಯ ತೇವಕ್ಕೆ ಮೂರು ಮುಖ್ಯ ಮೂಲಗಳಿವೆ. ನೆಲದಿಂದ ಸುಮಾರು ಒಂದು ಮೀಟರಿನವರೆಗೆ ಪಟ್ಟಿಯಂತೆ ಹರಡಿ, ಬಿಳಿ ಉಪ್ಪಿನ ಪುಡಿ ಉದುರುತ್ತಿದ್ದರೆ ಅದು ಕೆಳಗಿನಿಂದ ಏರಿದ ತೇವ. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಇಟ್ಟಿಗೆ ನೆಲದ ನೀರನ್ನು ಎಳೆದುಕೊಳ್ಳುತ್ತದೆ. ಚಾವಣಿಯಲ್ಲಿ ವರ್ತುಲದಂತೆ ಕಂದು ಕಲೆ ಇದ್ದು ಮಳೆಗಾಲದಲ್ಲಿ ಹೆಚ್ಚಾದರೆ ಅದು ತಾರಸಿಯ ಸೋರಿಕೆ. ಬೇಸಿಗೆಯಲ್ಲೂ ಆರದೆ, ಬಚ್ಚಲು ಅಥವಾ ಅಡುಗೆ ಮನೆಯ ಹಿಂದಿನ ಗೋಡೆಯಲ್ಲಿ ಇದ್ದರೆ ಅದು ಕೊಳವೆಯ ಸೋರಿಕೆ.

ಇದನ್ನು ಗಮನಿಸಲು ಒಳ್ಳೆಯ ಕಾಲ ಮಳೆಗಾಲ. ಮಾರುವವರು ಬೇಸಿಗೆಯಲ್ಲಿ ಬಣ್ಣ ಹೊಡೆಸಿ ತೋರಿಸುವುದುಂಟು. ಇಡೀ ಮನೆ ಹಳೆಯ ಬಣ್ಣದಲ್ಲಿದ್ದು ಒಂದೇ ಒಂದು ಮೂಲೆ ಹೊಸದಾಗಿ ಹೊಳೆಯುತ್ತಿದ್ದರೆ, ಅಲ್ಲೇ ಏಕೆ ಎಂದು ಕೇಳಿ. ತಾರಸಿಗೆ ಹೋಗಿ ಒಂದು ಬಕೆಟ್ ನೀರು ಸುರಿದು ನೋಡಿ. ಅದು ಕೊಳವೆಯ ಬಾಯಿಗೆ ಹರಿದು ಹೋಗಬೇಕೇ ಹೊರತು ನಡುವೆ ನಿಲ್ಲಬಾರದು. ಸಂಪು ತುಂಬಿಸಿ ರಾತ್ರಿ ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಯಾರೂ ಬಳಸದೆ ಬೆಳಿಗ್ಗೆ ನೋಡಿದರೆ ಸಂಪು ಸೋರುತ್ತದೆಯೇ ಎಂಬುದು ತಿಳಿಯುತ್ತದೆ.

ಕಾಂಕ್ರೀಟಿನ ರಸಾಯನ

ಕಾಂಕ್ರೀಟಿನ ಒಳಗಿರುವ ಕಬ್ಬಿಣ ತುಕ್ಕು ಹಿಡಿಯದೆ ಇರುವುದು ಏಕೆ? ಸಿಮೆಂಟು ಗಟ್ಟಿಯಾಗುವಾಗ ಸುಣ್ಣ ಉಂಟಾಗಿ ಕಾಂಕ್ರೀಟು ಕ್ಷಾರೀಯವಾಗಿರುತ್ತದೆ; ಅದರ ಪಿಎಚ್ 12ಕ್ಕಿಂತ ಹೆಚ್ಚು. ಆ ಕ್ಷಾರದಲ್ಲಿ ಕಬ್ಬಿಣದ ಮೇಲೆ ಒಂದು ತೆಳು ರಕ್ಷಾಪದರ ನಿಲ್ಲುತ್ತದೆ. ಆದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಒಳಗಿಳಿದು ಸುಣ್ಣವನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಮಾರ್ಪಡಿಸುತ್ತದೆ. ಪಿಎಚ್ 9ರ ಕೆಳಗೆ ಇಳಿದಾಗ ರಕ್ಷಾಪದರ ಹೋಗಿ, ತೇವವೂ ಸೇರಿದರೆ ತುಕ್ಕು ಹತ್ತುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಕಾಂಕ್ರೀಟು ಬಿರಿದು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಹಳೆಯ ಮನೆಗಳ ಚಾವಣಿಯಲ್ಲಿ ಸರಳುಗಳು ಹೊರಗೆ ಇಣುಕುವುದು ಹೀಗೆ.

ಇದನ್ನು ಪರೀಕ್ಷಿಸುವ ದ್ರಾವಣ ನಿಮ್ಮ ಪ್ರಯೋಗಶಾಲೆಯಲ್ಲೇ ಇದೆ: ಫೀನಾಫ್ತಲೀನ್. ಆಗಷ್ಟೇ ಒಡೆದ ಕಾಂಕ್ರೀಟಿನ ಮೇಲೆ ಅದನ್ನು ಸಿಂಪಡಿಸಿದರೆ ಆರೋಗ್ಯವಾಗಿರುವ ಭಾಗ ಕಡು ಗುಲಾಬಿಗೆ ತಿರುಗುತ್ತದೆ. ಕ್ಷಾರ ಕಳೆದುಕೊಂಡ ಭಾಗ ಬಣ್ಣವಿಲ್ಲದೆ ಉಳಿಯುತ್ತದೆ. ಬಣ್ಣವಿಲ್ಲದ ಪದರ ಕಬ್ಬಿಣದವರೆಗೂ ತಲುಪಿದೆಯೇ ಎಂದು ಎಂಜಿನಿಯರು ಅಳೆಯುತ್ತಾರೆ. ಕಾಂಕ್ರೀಟನ್ನು ಒಡೆಯದೆ ಅದರ ಗಟ್ಟಿತನ ಅಂದಾಜು ಮಾಡಲು ಪುಟಿಯುವ ಸುತ್ತಿಗೆಯನ್ನು ಬಳಸುತ್ತಾರೆ: ಒಳಗಿನ ಸ್ಪ್ರಿಂಗಿನ ತೂಕ ಮೇಲ್ಮೈಗೆ ಬಡಿದು ಎಷ್ಟು ಹಿಂದಕ್ಕೆ ಪುಟಿಯುತ್ತದೆಯೋ ಅಷ್ಟು ಮೇಲ್ಮೈ ಗಟ್ಟಿ.

ವಿದ್ಯುತ್ತು ಮತ್ತು ನೀರು

ಪ್ರತಿ ಮೂರು ರಂಧ್ರದ ಪ್ಲಗ್ಗಿಗೂ ನಿಜವಾಗಿ ಭೂಸಂಪರ್ಕ ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ನೋಡಿಸಬೇಕು. ರಂಧ್ರ ಮೂರಿದ್ದ ಮಾತ್ರಕ್ಕೆ ಒಳಗೆ ತಂತಿ ಮೂರಿರಬೇಕೆಂದಿಲ್ಲ. ಮುಖ್ಯ ಫಲಕದಲ್ಲಿ ಸೋರಿಕೆ ವಿದ್ಯುತ್ತನ್ನು ಗುರುತಿಸಿ ಕಡಿತ ಮಾಡುವ ಸಾಧನ ಇದೆಯೇ ನೋಡಿ. ಮನುಷ್ಯರ ಜೀವರಕ್ಷಣೆಗೆ ಬಳಸುವುದು 30 ಮಿಲಿ ಆಂಪಿಯರಿನದು. ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ಒತ್ತಿದ ತಕ್ಷಣ ವಿದ್ಯುತ್ತು ಕಡಿತವಾಗಬೇಕು.

ಮನೆಗೆ ಕೊಳವೆ ಬಾವಿ ಇದ್ದರೆ ನೀರನ್ನು ಪರೀಕ್ಷೆಗೆ ಕಳಿಸಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಕರಗಿದ ಲವಣಗಳು 500 ಮಿಲಿಗ್ರಾಮಿನೊಳಗೆ ಇರಬೇಕು. ಬೇರೆ ನೀರಿಲ್ಲದ ಕಡೆ 2,000ದವರೆಗೆ ಒಪ್ಪಬಹುದು. ಫ್ಲೋರೈಡ್ 1 ಮಿಲಿಗ್ರಾಮಿನೊಳಗಿರುವುದು ಒಳ್ಳೆಯದು, 1.5 ಮೀರಬಾರದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದುಂಟು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೆ ಹೋಗುವುದಿಲ್ಲ. ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆಗಳಿಗೆ ತೊಂದರೆ.

ಪತ್ರಗಳೂ ಬಿರುಕು ಬಿಡುತ್ತವೆ

ಗೋಡೆ ಗಟ್ಟಿಯಿದ್ದು ಪತ್ರ ಸಡಿಲವಿದ್ದರೂ ಮನೆ ನಮ್ಮದಾಗುವುದಿಲ್ಲ. ಮೂಲ ಪತ್ರದಿಂದ ಇಂದಿನ ಮಾಲೀಕರವರೆಗೆ ಕೊಂಡಿ ತಪ್ಪದಂತೆ ಕ್ರಯಪತ್ರಗಳಿವೆಯೇ ಎಂದು ವಕೀಲರು ನೋಡುತ್ತಾರೆ. ಉಪನೋಂದಣಾಧಿಕಾರಿಗಳ ಕಚೇರಿಯಿಂದ ಪಡೆಯುವ ಋಣಭಾರ ಪತ್ರ, ಅಂದರೆ ಜನ ಇ.ಸಿ. ಎನ್ನುವುದು, ಆ ಸ್ವತ್ತಿನ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳನ್ನು ತೋರಿಸುತ್ತದೆ. ನೋಂದಣಿಯಾಗದ ಕರಾರನ್ನಾಗಲಿ, ಮನೆಯೊಳಗಿನ ಪಾಲಿನ ತಕರಾರನ್ನಾಗಲಿ ಅದು ತೋರಿಸುವುದಿಲ್ಲ.

ಖಾತೆ ತಮ್ಮ ಹೆಸರಿನಲ್ಲಿದೆ ಎಂದು ಮಾರುವವರು ಹೇಳಬಹುದು. ಖಾತೆ ಇರುವುದು ತೆರಿಗೆ ಯಾರಿಂದ ವಸೂಲು ಮಾಡಬೇಕೆಂದು ಗುರುತಿಸಲು. ಅದೊಂದರಿಂದಲೇ ಒಡೆತನ ಸಿದ್ಧವಾಗುವುದಿಲ್ಲ. ಪಿತ್ರಾರ್ಜಿತ ಆಸ್ತಿಯಾದರೆ ಹೆಣ್ಣುಮಕ್ಕಳ ಒಪ್ಪಿಗೆಯನ್ನು ಕೇಳಲೇಬೇಕು. ಕರ್ನಾಟಕವು 1994ರಲ್ಲಿ, ಇಡೀ ದೇಶವು 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನಿಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಕೊಟ್ಟಿವೆ. 'ತಂಗಿ ಮದುವೆಯಾಗಿ ಹೋದಳು, ಅವಳದೇನಿದೆ' ಎಂಬ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ. ಮಂಜೂರಾದ ನಕ್ಷೆಯನ್ನು ಕೈಯಲ್ಲಿ ಹಿಡಿದು, ಟೇಪಿನಿಂದ ಮನೆಯನ್ನು ಅಳೆದು ಎರಡೂ ಹೊಂದುತ್ತವೆಯೇ ಎಂದೂ ನೋಡಬೇಕು.

ಮಾರುವವರಿಗೂ ಲಾಭ

ತಪಾಸಣೆ ಎಂದರೆ ಮಾರುವವರ ಮೇಲಿನ ಸಂಶಯ ಎಂದು ಭಾವಿಸಬೇಕಾಗಿಲ್ಲ. ಮಾರುವವರೇ ಮೊದಲು ಮನೆಯನ್ನು ಪರೀಕ್ಷೆ ಮಾಡಿಸಿದರೆ ಸಣ್ಣ ದೋಷಗಳನ್ನು ಕಡಿಮೆ ಖರ್ಚಿನಲ್ಲಿ ಸರಿಪಡಿಸಬಹುದು. ದೊಡ್ಡ ದೋಷವಿದ್ದರೆ ಬರೆದು ತಿಳಿಸಿ ಅದಕ್ಕೆ ತಕ್ಕ ಬೆಲೆ ಹೇಳಬಹುದು. ಹೇಳಿ ಮಾರಿದ ದೋಷಕ್ಕೆ ಮುಂದೆ ವ್ಯಾಜ್ಯವಿಲ್ಲ. ಮುಚ್ಚಿಟ್ಟು ಮಾರಿದ್ದಕ್ಕೆ ಉಂಟು.

ವರದಿ ಕೈಗೆ ಬಂದ ಮೇಲೆ ಕೊಳ್ಳುವವರ ಮುಂದೆ ಮೂರು ದಾರಿಗಳು. ದೋಷವನ್ನು ಸರಿಪಡಿಸಿ ಕೊಡಿ ಎಂದು ಕೇಳುವುದು. ರಿಪೇರಿಯ ಖರ್ಚಿನಷ್ಟು ಬೆಲೆ ಇಳಿಸಲು ಹೇಳುವುದು. ಇಲ್ಲವೇ ಮನೆ ಬೇಡವೆನ್ನುವುದು. ಮೂರನೆಯ ದಾರಿ ತೆರೆದಿರಬೇಕಾದರೆ ದೊಡ್ಡ ಮುಂಗಡ ಕೊಡುವ ಮುನ್ನವೇ ತಪಾಸಣೆ ಮುಗಿದಿರಬೇಕು. ಮುಂಗಡ ಕೊಡಲೇಬೇಕಾದರೆ, ತಪಾಸಣೆಯಲ್ಲಿ ಗಂಭೀರ ದೋಷ ಕಂಡಲ್ಲಿ ಹಣ ಹಿಂದಿರುಗಿಸತಕ್ಕದ್ದು ಎಂದು ಕರಾರಿನಲ್ಲಿ ಬರೆಸಿಕೊಳ್ಳಬೇಕು. ತಪಾಸಣೆಗೂ ಮಿತಿಯುಂಟು: ಗೋಡೆ ಒಡೆಯದೆ ಕಾಣದ್ದು, ಭೂಮಿಯೊಳಗೆ ಹೂತಿರುವುದು ಅದಕ್ಕೆ ಸಿಕ್ಕದೆ ಹೋಗಬಹುದು. ಅದು ಅಪಾಯವನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ.

ನೀವೇ ಮಾಡಿ ನೋಡಿ

ಈ ವಾರ ನೀವಿರುವ ಮನೆಯನ್ನೇ, ಅದು ಸ್ವಂತದ್ದಾಗಲಿ ಬಾಡಿಗೆಯದಾಗಲಿ, ಒಮ್ಮೆ ಸುತ್ತಿ ಬನ್ನಿ. ಒಂದು ನೋಟ್ ಪುಸ್ತಕದಲ್ಲಿ ಮನೆಯ ನಕ್ಷೆ ಬರೆದು ಪ್ರತಿ ಬಿರುಕಿನ ಜಾಗ, ದಿಕ್ಕು, ಅಗಲವನ್ನೂ ದಿನಾಂಕವನ್ನೂ ಗುರುತಿಸಿ. ತೇವದ ಕಲೆಗಳನ್ನು ಗುರುತಿಸಿ, ಮೂರು ಮೂಲಗಳಲ್ಲಿ ಯಾವುದೆಂದು ಊಹಿಸಿ. ದಾರಕ್ಕೆ ಒಂದು ಕಲ್ಲು ಕಟ್ಟಿ ತೂಗುಗುಂಡು ಮಾಡಿಕೊಂಡು ಗೋಡೆಗಳ ನೆಟ್ಟಗಿನ ಪರೀಕ್ಷೆ ಮಾಡಿ. ನೆಲದ ಹಾಸುಗಳನ್ನು ನಾಣ್ಯದಿಂದ ತಟ್ಟಿ ಪೊಳ್ಳು ಸದ್ದು ಬರುವ ಕಡೆ ಗುರುತು ಹಾಕಿ. ಆದರೆ ವಿದ್ಯುತ್ ಫಲಕವನ್ನು ಬಿಚ್ಚುವ ಸಾಹಸ ಬೇಡ; ಅದನ್ನು ಬಲ್ಲವರಿಗೆ ಬಿಡಿ. ಆರು ತಿಂಗಳ ಮೇಲೆ, ಒಂದು ಮಳೆಗಾಲ ಕಳೆದ ನಂತರ, ಅದೇ ಪುಸ್ತಕ ಹಿಡಿದು ಮತ್ತೆ ನೋಡಿ. ಯಾವ ಬಿರುಕು ಬೆಳೆದಿದೆ, ಯಾವುದು ಹಾಗೇ ಇದೆ ಎಂಬುದು ಆಗ ನಿಮಗೆ ಅಳತೆ ಸಮೇತ ಗೊತ್ತಿರುತ್ತದೆ. ಬೆಳೆದಿರುವುದನ್ನು ಮನೆಯ ಹಿರಿಯರಿಗೆ, ಬಾಡಿಗೆ ಮನೆಯಾದರೆ ಮಾಲೀಕರಿಗೆ, ಆ ಪುಸ್ತಕದ ಸಮೇತ ತೋರಿಸಿ.